ಸೂರ್ಯನ ಕೆಳಗಿನ ಅಂಚು

ಬೆಳಗಿನ ಆರೂಕಾಲು. ಐದು ಮೀಟರ್ ಅಗಲದ ತಟ್ಟೆ ಆಂಟೆನಾದಲ್ಲಿ ಹಿಮ ಮೊಸರಿನಂತೆ ಹೆಪ್ಪುಗಟ್ಟಿದೆ. ನಾರಿನ್ ಪಟ್ಟಣದ ಮೇಲಿನ ಈ ಬೆಟ್ಟದಲ್ಲಿ ಅರವತ್ತೊಂದರ ಬುರುಲ್ ಏಣಿ ಹತ್ತಿ, ಉದ್ದ ಕೋಲಿನಿಂದ ಅದನ್ನು ಎಳೆದು ಬೀಳಿಸುತ್ತಿದ್ದಾರೆ. ಕೋಲಿನ ತುದಿಗೊಂದು ಬಿಳಿ ಉಣ್ಣೆಯ ಟೋಪಿ.

ಆರೂಮುಕ್ಕಾಲಿಗೆ ಉಪಗ್ರಹ ಹಾದುಹೋಗುತ್ತದೆ. ಸೂರ್ಯನ ಮೇಲೆದ್ದ ಬಿರುಗಾಳಿಯ ಚಿತ್ರವನ್ನು ಹನ್ನೊಂದು ನಿಮಿಷದಲ್ಲಿ, ಗೆರೆ ಗೆರೆಯಾಗಿ, ಮೇಲಿನಿಂದ ಕೆಳಕ್ಕೆ ಇಳಿಸಿ ಹೋಗುತ್ತದೆ. ತಟ್ಟೆಯಲ್ಲಿ ಒದ್ದೆ ಹಿಮವಿದ್ದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಬುರುಲ್ ಜ್ವರದಿಂದ ಮಲಗಿದ್ದಾಗೊಮ್ಮೆ ಸೂರ್ಯನ ಕೆಳಭಾಗವೇ ಬರಲಿಲ್ಲ. ಉಪಗ್ರಹದ ಕಣ್ಣು ಹೋಯಿತೆಂದು ರಾಜಧಾನಿಯ ಪಂಡಿತರು ಎರಡು ದಿನ ಸಭೆ ನಡೆಸಿದರು. ಮೂರನೆಯ ದಿನ ಬುರುಲ್ ಎದ್ದು ಗುಡಿಸಿದರು. ಕಣ್ಣು ವಾಸಿಯಾಯಿತು.

ಈ ಕೆಲಸ ಮೊದಲು ಗಂಡ ಶಾರ್ಶೆನ್ ಅವರದು. ಅವರು ತೀರಿಕೊಂಡ ಮೇಲೆ, ಹನ್ನೊಂದು ವರ್ಷದಿಂದ, ಬುರುಲ್ ಅವರದು. ಸಲಿಕೆ ಹಾಕಿದರೆ ತಟ್ಟೆಯ ಬಣ್ಣ ಕಿತ್ತು ಬರುತ್ತಿತ್ತು. ಗಂಡನ ಕಲ್ಪಾಕ್ ಟೋಪಿ ಕೋಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಗಂಡಸಿನ ಕಲ್ಪಾಕನ್ನು ನೆಲಕ್ಕೂ ಇಡದ ಊರಿನಲ್ಲಿ ಇದು ಸಣ್ಣ ಸುದ್ದಿಯಲ್ಲ.

"'ಗಂಡನ ಟೋಪೀನ ಪೊರಕೆ ಮಾಡ್ಕೊಂಡ್ಯಲ್ಲೇ' ಅಂತ ನಾದಿನಿ ಇವತ್ತಿಗೂ ಚುಚ್ತಾಳೆ. ನೆಲಕ್ಕೆಲ್ಲಿಟ್ಟೆ? ಆಕಾಶಕ್ಕೆ ಎತ್ತಿ ಹಿಡಿದಿದೀನಿ! ಬದುಕಿದ್ದಾಗ ಎಬ್ಬಿಸೋಕೆ ಮುಖಕ್ಕೆ ನೀರು ಚಿಮುಕಿಸ್ಬೇಕಿತ್ತು. ಈಗ ಕೈಗೆತ್ಕೊಂಡ್ರೆ ಸಾಕು, ಹೊರಡ್ತಾನೆ," ಎನ್ನುತ್ತಾರೆ ಬುರುಲ್.

ಶಾರ್ಶೆನ್ ಇದ್ದ ಕಾಲಕ್ಕೆ ಈ ಕೇಂದ್ರದಲ್ಲಿ ಹದಿನಾಲ್ಕು ಜನರಿದ್ದರು. ದೊಡ್ಡ ಬಿರುಗಾಳಿಯ ಚಿತ್ರ ಬಂದ ದಿನ ಕುರಿ ಕಡಿಯುತ್ತಿದ್ದರು. ಈಗ ಬುರುಲ್ ಮತ್ತು ಯಂತ್ರ ನೋಡಿಕೊಳ್ಳುವ ಮೆದೆರ್, ಇಬ್ಬರೇ. ವಸಂತಕ್ಕೆ ತಾನೇ ಬಿಸಿಯಾಗಿ ಹಿಮ ಕರಗಿಸಿಕೊಳ್ಳುವ ತಟ್ಟೆ ಬರಲಿದೆ. ಬುರುಲ್‌ಗೆ ಇದೇ ಕೊನೆಯ ಚಳಿಗಾಲ.

ಆದರೆ ಚಿತ್ರವನ್ನು ಅವರು ಒಮ್ಮೆಯೂ ನೋಡಿಲ್ಲ. ಅದು ನೇರ ರಾಜಧಾನಿಗೆ ಹೋಗುತ್ತದೆ. "ನಾನು ಎಣ್ಣೇಲಿ ಕರಿಯೋ ಬೋರ್ಸೋಕ್‌ಗೆ ಹಿಟ್ಟು ನಾದ್ತಿದ್ರೆ ಶಾರ್ಶೆನ್ ಹಲಗೆ ಮೇಲಿನ ಹಿಟ್ಟಲ್ಲೇ ಬೆರಳಾಡಿಸಿ ಸೂರ್ಯನ್ನ ಬರೆದು ತೋರಿಸೋನು. ನಾನು ನೋಡಿರೋದು ಆ ಸೂರ್ಯನ್ನೇ."

ಇಂದು ಸೂರ್ಯನ ಮೇಲೆ ದೊಡ್ಡ ಸ್ಫೋಟದ ನಿರೀಕ್ಷೆಯಿದೆ. ಪೂರ್ತಿ ಬಂದರೆ ಕಾಗದದ ಮೇಲೆ ಅಚ್ಚು ಹಾಕಿಕೊಡುವುದಾಗಿ ಮೆದೆರ್ ಮಾತು ಕೊಟ್ಟಿದ್ದಾರೆ. ಬುರುಲ್ ಕೊನೆಯ ಹಿಡಿ ಹಿಮವನ್ನು ಬೀಳಿಸಿ ಇಳಿಯುವಾಗ ಆರೂನಲವತ್ತನಾಲ್ಕು.

ಏಳು ಗಂಟೆಗೆ ಮೆದೆರ್ ಕೋಟನ್ನೂ ಹಾಕಿಕೊಳ್ಳದೆ, ಅಚ್ಚಾದ ಕಾಗದ ಹಿಡಿದು ಓಡಿ ಬರುತ್ತಾರೆ. "ಬುರುಲ್ ಎಜೆ, ಇಲ್ನೋಡಿ ಅಕ್ಕಾ, ಬಲಗಡೆ! ಈ ಜ್ವಾಲೆ ಒಳಗೆ ನಮ್ಮ ಭೂಮಿ ಹತ್ತು ಹಿಡಿಸುತ್ತೆ!"

"ತಡಿಯೋ, ಹತ್ತು ಭೂಮಿ ಆಮೇಲೆ." ಬುರುಲ್ ಅವರ ಬೆರಳು ಕಾಗದದ ತಳಕ್ಕೆ ಇಳಿದು, ಸೂರ್ಯನ ಕೆಳಗಿನ ಅಂಚನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸವರುತ್ತದೆ. ಆಮೇಲೆ ಅವರು ಕೋಲಿನಿಂದ ಟೋಪಿ ಬಿಡಿಸಿ, ಹಿಮ ಕೊಡವಿ, ಬಾಗಿಲ ಮೇಲಿನ ಮೊಳೆಗೆ ಸಿಕ್ಕಿಸುತ್ತಾರೆ.

"ಒಂದು ಗೆರೇನೂ ಬಿಟ್ಟಿಲ್ಲ ನಾವು."