ಕಾಲ್ಗುಣದ ಶೀಲ್ಡು

ಶನಿವಾರ ಬಂತೆಂದರೆ ಮೊಮ್ಮಗನ ಮನೆಯಲ್ಲಿ ನಾಲ್ಕು ಜನ ಗಂಡಸರು ಟೀವಿಯ ಮುಂದೆ ಕೂತು ಸ್ಪೇನ್ ದೇಶಕ್ಕಾಗಿ ಜಗಳವಾಡುತ್ತಾರೆ. ಆ ದೇಶ ಯಾವ ದಿಕ್ಕಿಗಿದೆ ಎಂದು ಒಮ್ಮೆ ಕೇಳಿದೆ. ಇಬ್ಬರು ಕಿಟಕಿ ಕಡೆಗೆ ಕೈ ತೋರಿಸಿದರು, ಇನ್ನಿಬ್ಬರು ಅಡುಗೆಮನೆ ಕಡೆಗೆ. ಆದರೆ ಅಲ್ಲಿನ ಎರಡು ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಈ ವರ್ಷ ಯಾರು ಮುಂದೆ, ಯಾರಿಗೆಷ್ಟು ಪಾಯಿಂಟು, ಉಳಿದ ಪಂದ್ಯಗಳಲ್ಲಿ ಯಾರು ಎಲ್ಲಿ ಮುಗ್ಗರಿಸಬಹುದು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಾನೂ ಜೊತೆಗೆ ಕೂತು ನೋಡುತ್ತೇನೆ. ಮುದುಕಿಗೆ ಆಟ ಅರ್ಥವಾಗುತ್ತದೆ ಎಂದು ಅವರು ನಂಬಲು ಬಹಳ ಕಾಲ ಬೇಕಾಯಿತು.

ಮೊನ್ನೆ ನೀರು ಕುಡಿಯಲು ಎದ್ದೆ. ಮೊಮ್ಮಗ ಕೂಗಿಕೊಂಡ, "ಅಜ್ಜಿ, ಏಳ್ಬೇಡ! ನೀನು ಆ ಕುರ್ಚೀಲಿ ಕೂತ ಮೇಲೇನೇ ನಮ್ಮವರು ಗೋಲ್ ಹೊಡೆದದ್ದು. ಎದ್ರೆ ಲಕ್ ಹೋಗುತ್ತೆ!"

ಎದ್ದೆ. ನೀರು ಕುಡಿದೆ. ಬಂದು ಬೇರೆ ಕುರ್ಚಿಯಲ್ಲಿ ಕೂತೆ. ಮೊಮ್ಮಗನ ಮುಖ ಹುಳ್ಳಗಾಯಿತು. ಆಗಲಿ. ಈ ಲಕ್ಕಿನ ಮಾತಿಗೂ ನನಗೂ ಹಳೆಯ ಹಗೆ. ಅದು ಮಹಾರಾಜರ ಕಾಲದಿಂದ ಬಂದದ್ದು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ದಿನಗಳು. ಒಂದು ವೈಶಾಖದಲ್ಲಿ ನಾನು ಕೃಷ್ಣರಾಜನಗರದಿಂದ ಹುಣಸೂರಿಗೆ ಸೊಸೆಯಾಗಿ ಬಂದೆ. ನಮ್ಮ ಮಾವನವರದು ಬೆಲ್ಲ ಮತ್ತು ಹೊಗೆಸೊಪ್ಪಿನ ವ್ಯಾಪಾರ. ಬೆಳಿಗ್ಗೆ ಶಿವಪೂಜೆ, ಹಗಲೆಲ್ಲ ಅಂಗಡಿ, ಸಂಜೆಯಾದರೆ ಫುಟ್‌ಬಾಲು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಈ ನಾಲ್ಕು ಊರಿನವರು ಒಂದು ಶೀಲ್ಡಿಗಾಗಿ ಆಡುತ್ತಿದ್ದರು. ಪ್ರತಿ ಊರೂ ಉಳಿದ ಊರುಗಳ ಜೊತೆ ತನ್ನ ನೆಲದಲ್ಲಿ ಒಮ್ಮೆ, ಅವರ ನೆಲದಲ್ಲಿ ಒಮ್ಮೆ ಆಡಬೇಕು. ಗೆದ್ದರೆ ಎರಡು ಪಾಯಿಂಟು, ಸಮವಾದರೆ ಒಂದು. ಕೊನೆಗೆ ಯಾರಿಗೆ ಹೆಚ್ಚೋ ಶೀಲ್ಡು ಅವರಿಗೆ.

ಹುಣಸೂರು ತಂಡವನ್ನು ಸಾಕುತ್ತಿದ್ದವರು ನಮ್ಮ ಮಾವ. ತಂಡದ ಚೆಂಡು ನಮ್ಮ ಮನೆಯ ಅಟ್ಟದಲ್ಲಿ ಬೆಲ್ಲದ ಅಚ್ಚುಗಳ ಪಕ್ಕ ಇರುತ್ತಿತ್ತು, ಅದಕ್ಕೂ ಇರುವೆ ಮುತ್ತುತ್ತಿದ್ದವು. ನಮ್ಮ ಯಜಮಾನರು ಮುಂದಿನ ಸಾಲಿನಲ್ಲಿ ಆಡುತ್ತಿದ್ದರು. ಕೃಷ್ಣರಾಜನಗರದ ಗೋಲ್‌ಕೀಪರು ನನ್ನ ಒಡಹುಟ್ಟಿದ ಅಣ್ಣ. ಒದೆಯುವವನು ಗಂಡ, ತಡೆಯುವವನು ಅಣ್ಣ. ಇಂಥ ಮನೆಗೆ ನನ್ನನ್ನು ಕೊಟ್ಟಿದ್ದರು.

ಬೇರೆ ಊರಿನಲ್ಲಿ ಪಂದ್ಯವಾದರೆ ಫಲಿತಾಂಶವನ್ನು, ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸಿನ ಕಂಡಕ್ಟರು ತರಬೇಕು. ಆ ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ಅದು ಬರುವವರೆಗೂ ನಮ್ಮ ಜಗಲಿಯಲ್ಲಿ ವಾದ ನಿಲ್ಲುತ್ತಿರಲಿಲ್ಲ. ವಾದಕ್ಕೆ ಮುಂದಾಳು ತಂಡದ ಅಂಗಿ ಹೊಲಿಯುವ ದರ್ಜಿ. ಆತ ನನ್ನ ತವರು ಕೃಷ್ಣರಾಜನಗರವನ್ನು ಆ ಹೊಸ ಹೆಸರು ಹಿಡಿದು ಕರೆದವನೇ ಅಲ್ಲ, ಹಳೆಯ ಎಡತೊರೆ ಎಂದೇ ಕರೆಯುತ್ತಿದ್ದ.

"ಎಡತೊರೆಯೋರ್ಗೆ ಏನ್ಲಾ ಗೊತ್ತು ಆಟ? ಹೊಳೆ ನೀರಲ್ಲಿ ಹಳೇ ಊರು ಮುಳುಗ್ತು ಅಂತ ಮಹಾರಾಜ್ರು ಹೊಸ ಊರು ಕಟ್ಟಿಸ್ಕೊಟ್ರು. ನೆನ್ನೆ ಮೊನ್ನೆ ಊರು ಅದು! ಅವ್ರ ಗೋಲ್ ಕಂಬದ ತೊಗಟೆ ಇನ್ನೂ ಉದುರಿಲ್ಲ ಕಣ್ಲಾ!"

ಜಗಲಿ ಗೊಳ್ಳೆಂದು ನಗುತ್ತಿತ್ತು. ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮೂರ ಬೀದಿಗಳು ನೆಟ್ಟಗಿವೆ, ನಿಮ್ಮವು ಹಸು ನಡೆದ ದಾರಿಯಲ್ಲಿ ಹುಟ್ಟಿದವು ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೊಸ ಸೊಸೆ, ನುಂಗಿಕೊಂಡೆ.

ಅದಕ್ಕೂ ಹಿಂದಿನ ವರ್ಷಗಳಲ್ಲಿ ಹುಣಸೂರು ತಳ ಕಚ್ಚಿತ್ತಂತೆ. ನಾನು ಬಂದ ವರ್ಷ ಮಾತ್ರ ಸಾಲಾಗಿ ಗೆಲ್ಲತೊಡಗಿತು. ಯಾಕೆ ಗೆದ್ದೆವು ಎಂಬ ವಾದ ಬಂದಾಗ ದರ್ಜಿಯೇ ಕಾರಣ ಕಂಡುಹಿಡಿದ. "ಸಾವ್ಕಾರ್ರೆ, ಇನ್ನೇನೂ ಅಲ್ಲ. ನಿಮ್ಮ ಸೊಸೆ ಕಾಲ್ಗುಣ ಕಣ್ರೀ!"

ಮಾವ ಉಬ್ಬಿಹೋದರು. ಅಂದಿನಿಂದ ಪ್ರತಿ ಪಂದ್ಯಕ್ಕೂ ಮೊದಲು ಆಟಗಾರರು ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲುವುದು, ನಾನು ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನಿಂದ ಆರತಿ ಎತ್ತಿ, ಹಣೆಗೆ ಬೊಟ್ಟಿಟ್ಟು ಕಳಿಸುವುದು ಕಟ್ಟಲೆಯಾಯಿತು. ಸುಳ್ಳೇಕೆ ಹೇಳಲಿ, ಮೊದಮೊದಲು ಹಿತವಾಗಿಯೇ ಇತ್ತು. ಹೊಸ ಊರಿನಲ್ಲಿ ಎಲ್ಲರೂ ಹೊಗಳಿದರೆ ಯಾರಿಗೆ ಬೇಡ?

ಆಮೇಲೆ ಎದುರು ಮನೆಯ ಸೊಸೆಯನ್ನು ಕಂಡೆ. ಅವಳೂ ಅದೇ ವೈಶಾಖದಲ್ಲಿ ಬಂದವಳು. ಅವಳು ಕಾಲಿಟ್ಟು ತಿಂಗಳು ತುಂಬುವ ಮೊದಲೇ ಅವರ ಜೋಡಿ ಎತ್ತುಗಳಲ್ಲಿ ಒಂದು ಸತ್ತಿತು. ಆಗ ಊರಿಗೆಲ್ಲ ದನದ ರೋಗ ಬಡಿದಿತ್ತು, ದನ ಸಾಯದ ಕೊಟ್ಟಿಗೆ ಯಾವುದು? ಆದರೂ ಕಾಲ್ಗುಣ ಅವಳದೇ ಕೆಟ್ಟದ್ದು ಎಂದರು. ಊರಿಗೆ ಹೊರಟವರು ಅವಳು ಎದುರಾದರೆ ಮನೆಗೆ ತಿರುಗಿ, ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅವಳು ಬಾಗಿಲು ಸಂದಿಯಿಂದ ಬೀದಿ ನೋಡಿ, ಯಾರೂ ಇಲ್ಲದಿದ್ದರೆ ಮಾತ್ರ ಬಿಂದಿಗೆ ಎತ್ತಿಕೊಂಡು ಹೊರಬರುತ್ತಿದ್ದಳು.

ಅವಳನ್ನು ನೋಡಿದ ಮೇಲೆ ನನಗೆ ಭಯ ಹತ್ತಿತು. ನನ್ನನ್ನು ತೂಗಿದ ತಕ್ಕಡಿಯೂ ಅದೇ ಅಲ್ಲವೇ? ಹುಣಸೂರು ಸೋತ ದಿನ ನಾನೂ ಹಾಗೆ ಬಾಗಿಲು ಸಂದಿಯಲ್ಲಿ ನಿಲ್ಲಬೇಕಾದವಳು.

ಅವರೆಕಾಯಿಯ ಕಾಲ ಬರುವ ಹೊತ್ತಿಗೆ ಒಂದೇ ಪಂದ್ಯ ಉಳಿದಿತ್ತು. ಹುಣಸೂರಿಗೂ ಕೃಷ್ಣರಾಜನಗರಕ್ಕೂ, ಹುಣಸೂರಿನ ನೆಲದಲ್ಲೇ. ಹುಣಸೂರು ಒಂದು ಪಾಯಿಂಟು ಮುಂದಿತ್ತು. ಸಮವಾದರೂ ಶೀಲ್ಡು ಹುಣಸೂರಿಗೆ, ಸೋತರೆ ನಮ್ಮೂರಿಗೆ. ಹಿಂದಿನ ಸಂಜೆ ಜಗಲಿ ಕುಸಿಯುವಷ್ಟು ಜನ.

"ಸಮ ಮಾಡ್ಕಂಡ್ರೆ ಸಾಕು. ಎಲ್ಲಾರೂ ಹೋಗಿ ನಮ್ ಗೋಲ್ ಮುಂದೆ ನಿಂತ್ಕಂಬುಡಿ," ಎಂದ ದರ್ಜಿ.

"ಥೂ, ಹೆಣ ಕಾಯೋರಂಗೆ ನಿಂತ್ಕಳಾದು ಆಟವೇನಯ್ಯ? ಗೆದ್ದೇ ತಗಬೇಕು," ಎಂದರು ಮಾವ.

ಯಾರೋ ಮೆಲ್ಲಗೆ ಕೇಳಿದರು, "ಸೋತ್ರೆ?"

ದರ್ಜಿ ಎಲೆಯಡಿಕೆ ಉಗಿದು ಹೇಳಿದ, "ಸೋತ್ರೆ ಇನ್ನೇನು? ಆರತಿ ಎತ್ತೋಳ ಮನ್ಸು ತವರಿನ ಕಡೀಕದೆ ಅಂತ ಅರ್ಥ. ಕಾಲ್ಗುಣ ತಿರುಗ್ತು ಅಂತ್ಲೇ ಅರ್ಥ."

ಮಾವ ಅವನನ್ನು ಗದರುತ್ತಾರೆ ಎಂದು ಕಾದೆ. ಅವರು ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆ ನನ್ನ ಎದೆಗೆ ಒದ್ದಂತಾಯಿತು. ಸಿಟ್ಟು ಬಂತು. ಲೋಟಗಳ ತಟ್ಟೆಯನ್ನು ಹೊಸಲಿನ ಮೇಲಿಟ್ಟು ಜಗಲಿಗೆ ಬಂದೆ. ಆ ಜಗಲಿಯಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಮಾವ, ನಾಳೆ ನಾನು ಆರತಿ ಎತ್ತಾಕಿಲ್ಲ. ನಾನು ನಮ್ಮೂರ ಕಡೆ."

ದರ್ಜಿಯೇ ಮೊದಲು ಚೇತರಿಸಿಕೊಂಡ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣವ್ವ. ಇನ್ಯಾವೂರವ್ವ ನಿಂದು?"

"ಕುಲಕ್ಕೆ ಹೊರಗಿರ್ಬೋದು, ಆಟಕ್ಕೆ ಹೊರಗಲ್ಲ," ಎಂದೆ.

ಮಾವ ಕೇಳಿದರು, "ನಿನ್ ಗಂಡನೇ ಆಡ್ತಾ ಅವ್ನೆ ಕೂಸೆ. ಅವ್ನು ಸೋಲ್ಲಿ ಅಂತೀಯಾ?"

"ಅವ್ರು ಗೋಲ್ ಹೊಡೀಲಿ ಮಾವ. ನಮ್ಮೂರೋರು ಒಂದ್ ಜಾಸ್ತಿ ಹೊಡೀಲಿ."

ಒಳಗೆ ಬಂದೆ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅತ್ತೆ ಬಗ್ಗಿಸಿದ ತಲೆ ಎತ್ತದೆ ಹೇಳಿದರು, "ನಮ್ ಪಿರಿಯಾಪಟ್ಟಣ ಈ ಸಲ ಒಂದೂ ಗೆಲ್ನಿಲ್ಲ ಕಣ್ ಮಗ." ಹುಣಸೂರಿಗೆ ಬಂದು ಮಕ್ಕಳನ್ನು ಹೆತ್ತು ಬೆಳೆಸಿ ಮದುವೆ ಮಾಡಿದ ಹೆಂಗಸು ಅದು. ಆಮೇಲೆ ಸಿಪ್ಪೆಯನ್ನೆಲ್ಲ ಮೊರಕ್ಕೆ ತುಂಬುತ್ತ, "ನಾಳೆ ಆರತಿ ನಾನೇ ಎತ್ತೀನಿ ಬುಡು. ನಂಗೆ ಎರಡೂ ಊರು ಒಂದೇಯ," ಎಂದರು. ಆ ಊರಿನ ಎಷ್ಟು ಅಡುಗೆಮನೆಗಳಲ್ಲಿ ಹೀಗೆ ಬೇರೆ ಬೇರೆ ಊರುಗಳು ಬಾಯಿ ಮುಚ್ಚಿಕೊಂಡು ಕೂತಿದ್ದವೋ ಎಂದು ಅಂದೇ ನನಗೆ ಹೊಳೆದದ್ದು.

ಬೆಳಿಗ್ಗೆ ಯಜಮಾನರು ಪಾದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತ ಕಳ್ಳನಗೆ ನಕ್ಕು ಕೇಳಿದರು, "ನಿಮ್ಮಣ್ಣ ಯಾವ ಕಡೀಕೆ ಬೀಳ್ತಾನೆ, ಹೇಳೇ."

ನನಗೆ ಗೊತ್ತಿತ್ತು. ಅಣ್ಣ ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದು ಎಡಭುಜ ಕಳಚಿಕೊಂಡಿದ್ದ. ಅಂದಿನಿಂದ ಅವನು ಬಲಕ್ಕೆ ಮಾತ್ರ ಧೈರ್ಯವಾಗಿ ಹಾರುತ್ತಿದ್ದ. "ಕೇಳ್ಬೇಡಿ, ಹೇಳಾಕಿಲ್ಲ," ಎಂದೆ. ಅವರು ಜೋರಾಗಿ ನಕ್ಕು ಎದ್ದುಹೋದರು.

ಆಟದ ಬಯಲು ಹೊಳೆಯ ದಂಡೆಯಲ್ಲಿತ್ತು. ಹೆಂಗಸರು ಆಟ ನೋಡಲು ಹೋಗುವ ರೂಢಿ ಇರಲಿಲ್ಲ, ಆದರೆ ಪಂದ್ಯದ ದಿನ ಊರಿನ ಕೊಳೆ ಬಟ್ಟೆಯೆಲ್ಲ ಒಟ್ಟಿಗೆ ಹೊಳೆಗೆ ಬರುತ್ತಿತ್ತು. ನಾನೂ ಗಂಟು ಹೊತ್ತು ಹೋದೆ. ಎದುರು ಮನೆಯವಳು ಎಲ್ಲರಿಗಿಂತ ಕೆಳಗೆ, ಒಂದು ಕಲ್ಲಿನ ಮೇಲೆ ಒಬ್ಬಳೇ ಒಗೆಯುತ್ತಿದ್ದಳು. ಮೇಲೆ ಬಾ ಎಂದು ಕರೆದೆ.

"ಬ್ಯಾಡ ಕಣಕ್ಕ. ನಾನ್ ನೋಡಿದ್ರೆ ನಿಮ್ಮೋರು ಸೋತುಬುಟ್ಟಾರು."

"ನಮ್ಮೋರು ಯಾರು ಅಂತ ನಿಂಗೇನ್ ಗೊತ್ತು? ಬಾ ಇಲ್ಲಿ," ಎಂದು ಕೈ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡೆ.

ಮೊದಲ ಗೋಲು ನಮ್ಮೂರಿನವರೇ ಹೊಡೆದರು. ನಾನು ಒದ್ದೆ ಸೀರೆಯನ್ನು ಕಲ್ಲಿಗೆ ಬಡಿದ ಸದ್ದು ಬಯಲಿಗೂ ಕೇಳಿರಬೇಕು. ಬಿಸಿಲು ಇಳಿಯುವಾಗ ಹುಣಸೂರು ಒಂದು ಹೊಡೆದು ಸಮ ಮಾಡಿತು. ಗೆರೆಯ ಆಚೆ ದರ್ಜಿ ಎರಡೂ ಕೈ ಎತ್ತಿ, "ಹಿಂದ್ಕೆ ಬನ್ರಲಾ, ಹಿಂದ್ಕೆ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ನಮ್ಮ ಯಜಮಾನರು ಹಿಂದಕ್ಕೆ ಹೋಗಲಿಲ್ಲ. ಚೆಂಡು ಸಿಕ್ಕಿದ್ದೇ ಇಬ್ಬರನ್ನು ದಾಟಿ, ಅಣ್ಣನ ಎಡಗಡೆಗೆ ಒದ್ದರು. ಅಣ್ಣ ತಡವಾಗಿ ಬಿದ್ದ. ಚೆಂಡು ಹೋಗಿತ್ತು. ಗಂಡ ಗೆದ್ದದ್ದಕ್ಕೆ ನನಗೆ ಸಂತೋಷವಾಯಿತೇ ಎಂದು ಜನ ಕೇಳುತ್ತಾರೆ. ಇಲ್ಲ, ಅತ್ತುಬಿಟ್ಟೆ. ನಮ್ಮೂರು ಸೋತಿತ್ತು.

ಮನೆಗೆ ಬರುವಾಗ ಅಂಗಳದಲ್ಲಿ ಆಗಲೇ ತಮಟೆ. ಮಾವನ ಕೈಯಲ್ಲಿ ಶೀಲ್ಡು. ಸೋತ ಊರಿನವರಿಗೂ ಊಟ ನಮ್ಮಲ್ಲೇ, ಅಣ್ಣ ಕಂಬಕ್ಕೆ ಒರಗಿ ಮಂಡಿಯ ಮಣ್ಣು ಒರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡಿದ್ದೇ ದರ್ಜಿ ಸೇವಂತಿಗೆ ಮಾಲೆ ಹಿಡಿದು ಓಡಿಬಂದ. "ಬಂದ್ಲು ನೋಡ್ರಪ್ಪ ಮಹಾತಾಯಿ! ಬಾಯಲ್ಲಿ ಏನೇ ಅನ್ಲಿ, ಕಾಲ್ಗುಣ ಎಲ್ಲೋದಾತು?"

ಮಾವನ ಮುಖ ಅರಳಿತ್ತು. ಹಿಂದಿನ ದಿನದ ಮಾತನ್ನೆಲ್ಲ ಮರೆಯಲು ಅವರು ಸಿದ್ಧರಿದ್ದರು. ನಾನು ತಲೆ ಬಗ್ಗಿಸಿ ಮಾಲೆ ಹಾಕಿಸಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಗೆದ್ದದ್ದು ನನ್ನಿಂದ ಎಂದು ಈಗ ಒಪ್ಪಿಕೊಂಡರೆ, ಮುಂದೆ ಸೋತದ್ದು ನನ್ನಿಂದ ಎನ್ನುವಾಗ ಯಾವ ಬಾಯಲ್ಲಿ ಇಲ್ಲವೆನ್ನಲಿ? ನನ್ನ ಹಿಂದೆ ಬಟ್ಟೆಗಂಟು ಹಿಡಿದು ಹೆದರಿ ನಿಂತಿದ್ದ ಎದುರು ಮನೆಯವಳ ಕೈಯನ್ನು ಬಿಡದೆ ಹೇಳಿದೆ.

"ಆರತಿ ನಾನ್ ಎತ್ನಿಲ್ಲ. ಹುಣಸೂರು ಸೋಲ್ಲಿ ಅಂತ ಹೊಳೆ ದಂಡೇಲಿ ಕೂತು ಶಿವಪ್ಪನ್ನ ಬೇಡ್ಕಂಡೆ. ಯಾರ ಮುಖ ಕಂಡ್ರೆ ಕೆಟ್ಟದಾಯ್ತದೆ ಅಂತೀರೋ ಇವ್ಳು, ಆಟ ಮುಗಿಯೋಗಂಟ ನನ್ ಪಕ್ಕದಲ್ಲೇ ಕೂತಿದ್ಲು. ಆದ್ರೂ ನೀವೇ ಗೆದ್ರಿ. ಈಗ ಹೇಳಿ, ಇದು ಯಾರ ಕಾಲ್ಗುಣ?"

ದರ್ಜಿ ಮಾಲೆ ಹಿಡಿದುಕೊಂಡೇ ನಿಂತಿದ್ದ. ಕಂಬದ ಹತ್ತಿರದಿಂದ ಅಣ್ಣ ಹೇಳಿದ, "ಅವ್ರು ಚೆನ್ನಾಗಾಡುದ್ರು, ಗೆದ್ರು. ಅಷ್ಟೆಯ. ಮಾಲೆನ ಗೋಲ್ ಹೊಡ್ದೋನ್ಗೆ ಹಾಕ್ರಯ್ಯ."

ಮರುದಿನದಿಂದ ಲೋಕ ಬದಲಾಯಿತು ಎಂದೇನಿಲ್ಲ. ಮಾವ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು, ಜಗಲಿಗೆ ಕಾಫಿಯನ್ನು ಅತ್ತೆಯೇ ಒಯ್ದರು. ಎದುರು ಮನೆಯವಳು ಮಾತ್ರ ಹೊಳೆಯಲ್ಲಿ ನನ್ನ ಕಲ್ಲಿನ ಮೇಲೆಯೇ ಒಗೆಯತೊಡಗಿದಳು. ಯಾರಾದರೂ ಮುಖ ತಿರುಗಿಸಿದರೆ ನಾವಿಬ್ಬರೂ ಅವರ ಕಡೆಗೇ ದಿಟ್ಟಿಸಿ ನೋಡುತ್ತಿದ್ದೆವು.

ಮರುವರ್ಷ ಹುಣಸೂರು ಸೋತಿತು, ಅದೂ ನಮ್ಮೂರಿನ ಕೈಯಲ್ಲಿ. ಆ ಸಂಜೆ ನಾನು ಕಾಫಿ ಹಿಡಿದು ಬಾಗಿಲ ಹಿಂದೆ ನಿಂತೆ. ಜಗಲಿಯಲ್ಲಿ ರೆಫರಿಗೆ ಬೈದರು, ಬಿಸಿಲಿಗೆ ಬೈದರು, ಗಾಳಿ ಕಡಿಮೆಯಾದ ಚೆಂಡಿಗೂ ಬೈದರು. ಎಲ್ಲ ಮುಗಿದ ಮೇಲೆ ದರ್ಜಿ ದನಿ ತಗ್ಗಿಸಿದ.

"ಅದಲ್ಲ ಸಾವ್ಕಾರ್ರೆ. ನಮ್ ಬ್ಯಾಕ್ ಆಡೋನ್ಗೆ ಮೊನ್ನೆ ಮದುವೆ ಆಯ್ತಲ್ಲ, ಆ ಹೆಣ್ಣು..."

ನಾನು ಹೊಸಲಿಗೆ ಕಾಲಿಡುವ ಮೊದಲೇ ಮಾವನ ದನಿ ಕೇಳಿತು. "ಬುಡಯ್ಯ. ಆ ಮಾತು ಈ ಜಗಲಿ ಮ್ಯಾಲೆ ಬ್ಯಾಡ. ಒಳ್ಗೆ ನನ್ ಸೊಸೆ ಅವ್ಳೆ."

ದರ್ಜಿ ಒಮ್ಮೆ ಬಾಗಿಲ ಕಡೆ ನೋಡಿದ. "ರೆಫ್ರಿದೇ ತಪ್ಪು ಬುಡಿ," ಎಂದ.

ಹೊರಗೆ ಬಂದು ಎಲ್ಲರಿಗೂ ಕಾಫಿ ಕೊಟ್ಟೆ. ಶೀಲ್ಡು ನಮ್ಮೂರಿಗೆ ಹೋಗಿತ್ತು, ನಾನು ನಗುವನ್ನು ಬಚ್ಚಿಟ್ಟುಕೊಳ್ಳಲಿಲ್ಲ.