ಒರೆಸಿದರೂ ಹೋಗದ ರಂಗೋಲಿ

ನಮ್ಮ ಅತ್ತೆ ರಂಗೋಲಿ ಪುಡಿ ಇಟ್ಟುಕೊಳ್ಳುತ್ತಿದ್ದದ್ದು ಅರ್ಧ ತೆಂಗಿನ ಪರಟೆಯಲ್ಲಿ. ಮೀರಜಿನ ಪೇಟೆಯಿಂದ ಬಂದ ಕಲ್ಲಿನ ಪುಡಿಯನ್ನು ಅವರು ಹಾಗೇ ಬಳಸಿದವರಲ್ಲ; ಮೊರದಲ್ಲಿ ಕೇರಿ ಧೂಳು ಹಾರಿಸಿ, ಬೆರಳ ಸಂದಿಯಿಂದ ಒಂದಿಷ್ಟು ಇಳಿಬಿಟ್ಟು ನೋಡಿ, ಎಳೆ ತುಂಡಾಗದೆ ಇಳಿದರೆ ಮಾತ್ರ ಅದು ಪರಟೆಗೆ ಸೇರುತ್ತಿತ್ತು. ದೀಪಾವಳಿಗೆ ಅವರು ಹಾಕುತ್ತಿದ್ದದ್ದು ಸಂದುಚುಕ್ಕಿ. ನಡುವಿನ ಸಾಲಿಗೆ ಹದಿನೈದು, ಅದರ ಮೇಲೂ ಕೆಳಗೂ ಸಾಲಿಗೊಂದರಂತೆ ಕಡಿಮೆಯಾಗುತ್ತ ಎಂಟಕ್ಕೆ ನಿಲ್ಲುವ ಚುಕ್ಕಿಗಳು, ಒಂದೊಂದೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ. ಆಮೇಲೆ ಆ ಬಿಳಿ ಚುಕ್ಕಿಗಳ ಜಾತ್ರೆಯಿಂದ ಒಂದೊಂದಾಗಿ ಕಮಲಗಳು ಅರಳುವುದನ್ನು ನೋಡುತ್ತ ನಿಂತು ನಾನು ಎಷ್ಟೋ ಸಲ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ.

ಇಂಥ ಕೈಯನ್ನು ಮೂಲೆಗೆ ಕೂರಿಸಿದ್ದು ಒಂದು ಡಬ್ಬಿ ಎಣ್ಣೆಬಣ್ಣ. ಬರೆಯುವಾಗಲೂ ಮೈ ಉರಿಯುತ್ತದೆ, ಓದುವ ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಬಾಗದ ನಮ್ಮ ಓಣಿಯಲ್ಲಿ ಸಗಣಿ ಸಾರಿಸುತ್ತಿದ್ದ ಅಂಗಳಗಳಿಗೆಲ್ಲ ಸಿಮೆಂಟು ಬೀಳತೊಡಗಿದ ಕಾಲ. ನಮ್ಮ ಅಂಗಳವೂ ನುಣ್ಣಗಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ನಮ್ಮ ಯಜಮಾನರು ಹಬ್ಬಕ್ಕೆ ಮುಂಚೆ ಚಿಕ್ಕೋಡಿಯಿಂದ ಒಬ್ಬ ಪೇಂಟರನ್ನು ಕರೆತಂದರು. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹೂವು, ನವಿಲು ಬರೆಯುವುದು ಅವನ ಕಸುಬು. ನಮ್ಮ ಬಾಗಿಲ ಮುಂದೆಯೂ ಕೆಂಪು, ಹಳದಿ, ಹಸಿರಿನಲ್ಲಿ ಕಮಲದ ಬಳ್ಳಿ ಬರೆದು ಹೋದ. ಒಂದೂ ಚುಕ್ಕಿಯಿಲ್ಲದ ರಂಗೋಲಿ!

"ಅವ್ವಾ, ಇನ್ನ ನೀ ಬಗ್ಗೂದು ಬ್ಯಾಡ, ಏಳೂದು ಬ್ಯಾಡ. ಹತ್ತ್ ವರ್ಷ ಗ್ಯಾರಂಟಿ ಐತಿ," ಎಂದರು ಇವರು, ಎದೆಯುಬ್ಬಿಸಿ.

"ಹತ್ತ್ ವರ್ಷ ದಿನಾ ದೀವಳಿಗೇನೋ ನಮ್ಮನ್ಯಾಗ?" ಎಂದರು ಅತ್ತೆ.

ಎದುರು ಮನೆಯ ಕಾಕೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಏನ್ರೀ ಅಕ್ಕಾ, ಮನಿ ಮುಂದ ಟ್ರೇಲರ್ ನಿಂತಂಗ ಆತಲ್ರಿ! ಹಾರ್ನ್ ಓಕೆ ಪ್ಲೀಜ್ ಅಂತ ಬರ್ಯೂದೊಂದು ಉಳೀತ ನೋಡ್ರಿ."

ಅತ್ತೆ ನಗಲಿಲ್ಲ. ಮಗನ ಪ್ರೀತಿಯನ್ನು ಬೈಯುವಂತಿಲ್ಲ, ಅವನ ಕಮಲವನ್ನು ಒಪ್ಪುವಂತಿಲ್ಲ. ತಾಯಿಯ ನಡುನೋವಿಗೆ ಕರಗಿದ ಆ ಮಗರಾಯ, ನೀರು ಸೇದಲು ಬಗ್ಗುವಾಗ, ರೊಟ್ಟಿ ಬಡಿಯಲು ಕೂತಾಗ ಅದೇ ನಡು ನೋಯುತ್ತದೆಂದು ಒಂದು ದಿನವೂ ಕೇಳಿದವರಲ್ಲ. ಇಡೀ ದಿನದಲ್ಲಿ ಹೆಂಗಸೊಬ್ಬಳು ತನ್ನ ಇಷ್ಟಕ್ಕೆ ಬಗ್ಗುವುದು ರಂಗೋಲಿ ಹಾಕುವ ಅದೊಂದೇ ಹೊತ್ತು. ಸುಖ ಕೊಡುತ್ತೇನೆಂದು ಹೊರಟ ಗಂಡಸಿನ ಕಣ್ಣಿಗೆ ಮೊದಲು ಬೀಳುವುದೂ ಅದೇ! ಅದು ಹೇಗೋ ನನಗಿನ್ನೂ ತಿಳಿದಿಲ್ಲ.

ರಂಗೋಲಿಯೆಂದರೆ ಬರಿಯ ಅಲಂಕಾರವೆಂದು ತಿಳಿದವರು ಮಾಡುವ ತಪ್ಪಿದು. ಬಾಗಿಲು ಓಣಿಯೊಂದಿಗೆ ಮಾತಾಡುವುದೇ ಅದರ ಮೂಲಕ. ಪುಟ್ಟ ರಂಗೋಲಿಯಿದ್ದರೆ ದಿನದ ಗಡಿಬಿಡಿ. ದೊಡ್ಡದಿದ್ದರೆ ಹಬ್ಬವೋ, ಬೀಗರೋ. ಗೆರೆ ಸೊಟ್ಟಗಿದ್ದರೆ ಮನೆಯಾಕೆಗೆ ಜ್ವರ, ಮಗಳ ಕೈಗೆ ಪರಟೆ ಬಂದಿದೆ. ಏನೂ ಇಲ್ಲದಿದ್ದರೆ? ಆಗ ದಾರಿಹೋಕರೂ ದನಿ ತಗ್ಗಿಸುತ್ತಾರೆ. ಒಳಗೆ ಸಾವಾಗಿದೆ. ಸೂತಕ ಕಳೆಯುವತನಕ ನಮ್ಮಲ್ಲಿ ಯಾರೂ ಬಾಗಿಲಿಗೆ ಪುಡಿ ಮುಟ್ಟಿಸುವುದಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಾವ ತೀರಿಕೊಂಡರು.

ಮಣ್ಣು ಮಾಡಿ ಬಂದ ಮರುದಿನ ಮುಂಜಾನೆ. ಅತ್ತೆ ಗೋಡೆಗೊರಗಿ ಒಣಗಿದ ಕಣ್ಣಿನಲ್ಲಿ ಕುಳಿತಿದ್ದರು. ಅಳು ಬಂದಿರಲೇ ಇಲ್ಲ. ಕರೋಶಿಯಿಂದ ಬಂದ ನಾದಿನಿ ಚಹಾದ ಬಟ್ಟಲು ಹಿಡಿದುಕೊಂಡು ಒತ್ತಾಯಿಸುತ್ತಿದ್ದಳು. ಅಷ್ಟರಲ್ಲಿ ಅಂಗಳದಲ್ಲಿ ದೊಡ್ಡ ದನಿ ಕೇಳಿತು:

"ಬಳೀ ಬೇಕೇನ್ರೀ ಬಳೀ! ಹಸರ ಬಳಿ ಬಂದಾವ್ರಿ ಅಕ್ಕಾರ!"

ಹಿಂದಿನ ದಿನವಷ್ಟೇ ಬಳೆ ಒಡೆದ ಕೈಗಳನ್ನು ಅತ್ತೆ ಸೆರಗಿನೊಳಗೆ ಎಳೆದುಕೊಂಡರು. ನಾದಿನಿ ಹೊರಗೆ ಓಡಿದಳು. "ಕಣ್ಣ್ ಕಾಣಂಗಿಲ್ಲೇನೋ ನಿನಗ? ಮನಿಯಾಗ ಸೂತಕ ಐತಿ, ಬಳಿ ತಂದಾನ ಬಳಿ!"

ಯಾವುದೋ ಊರಿನ ಬಳೆಗಾರ, ಪಾಪ, ಎರಡು ಹೆಜ್ಜೆ ಹಿಂದೆ ಸರಿದ. "ತಪ್ಪಾತ್ರೀ ತಾಯಿ. ಬಾಗಲಾಗ ಇಷ್ಟ ಹೂ ಕಂಡ್ವಲ್ರಿ, ಮದಿವಿ ಮನಿ ಅಂದಕೊಂಡೆ."

ಒಳಗಿನಿಂದಲೇ ಅತ್ತೆ ಕೂಗಿ ಹೇಳಿದರು: "ಅವನ್ನ ಯಾಕ ಬೈತೀಯವಾ? ಬಾಗಲಾ ಕರದೈತಿ, ಅಂವ ಬಂದಾನ." ನನ್ನತ್ತ ತಿರುಗಿ, "ಅದನ್ನ ತಗೀರಿ," ಎಂದರು. ಅವರು ಇಡೀ ಬದುಕಿನಲ್ಲಿ ನಮ್ಮ ಮುಂದಿಟ್ಟ ಬೇಡಿಕೆ ಅದೊಂದೇ ಇರಬೇಕು.

ತೆಗೆಯುವುದು ಹೇಗೆ? ನೀರು ಸುರಿದು ಕಸಬರಿಗೆಯಿಂದ ತಿಕ್ಕಿದೆ. ಧೂಳು ಹೋಗಿ ಕಮಲಗಳು ಇನ್ನಷ್ಟು ಮಿಂಚಿದವು. ಗೋಣಿತಟ್ಟು ಹಾಸಿದೆ; ಬಂದವರೆಲ್ಲ ಕೆಸರುಗಾಲು ಒರೆಸಿ ಒರೆಸಿ ಅದನ್ನು ಮೂಲೆಗೆ ಸರಿಸಿದರು. ಸಗಣಿಯನ್ನೇ ದಪ್ಪಗೆ ಸಾರಿಸಿದೆ. ಒಣಗಿದ್ದೇ ತಡ ಹಪ್ಪಳದಂತೆ ಎದ್ದು, ಒಂದೊಂದು ಬಿರುಕಿನಿಂದಲೂ ಕೆಂಪು ಎಸಳು ಹಲ್ಲು ಕಿರಿಯಿತು. ಒಂದು ಮುಷ್ಟಿ ಪುಡಿಯ ರಂಗೋಲಿಯಾಗಿದ್ದರೆ ಮಳೆಯ ಮೊದಲ ಹನಿಗೇ ಮನೆಯ ದುಃಖ ಅರ್ಥವಾಗುತ್ತಿತ್ತು. ಈ ನಿರ್ಲಜ್ಜ ಹೂವಿಗೆ ಹೆಣವೂ ಒಂದೇ, ಹಬ್ಬವೂ ಒಂದೇ.

"ಸೂತಕದ ದಿನಾ ಮುಗೀಲಿ, ಪೇಂಟರ್‌ನ ಕರಸಿ ಬೂದಿ ಬಣ್ಣಾ ಹೊಡಸ್ತೇನಿ," ಎಂದರು ಇವರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಬಣ್ಣದ ಮ್ಯಾಲ ಬಣ್ಣೇನ್ರಿ? ಸತ್ತವರು ನಿಮ್ಮಪ್ಪ. ಒಳಗ ಕುಂತಾಕಿ ನಿಮ್ಮವ್ವ. ಆಕಿ ದುಃಖಾ ನಿಮ್ಮ ಪೇಂಟರ್ ಬರೂತನಕಾ ಹಾದಿ ನೋಡಬೇಕೇನು?"

ಅವರು ಹಿತ್ತಲಿಗೆ ಹೋಗಿ ಸುತ್ತಿಗೆ, ಉಳಿ ತಂದು, ಓಣಿಯವರೆಲ್ಲ ನೋಡುತ್ತಿರುವಂತೆಯೇ ಕುಕ್ಕರಗಾಲಿನಲ್ಲಿ ಕೂತರು. ಬಗ್ಗಿದ್ದ ನಡು ಮಧ್ಯಾಹ್ನದವರೆಗೂ ಏಳಲಿಲ್ಲ. ಸಿಮೆಂಟಿನ ಚಕ್ಕೆಗಳ ಜೊತೆ ಎಸಳುಗಳು ಹಾರಿ ಬೀಳುತ್ತಿದ್ದವು. ಸದ್ಯ, ಕಾಕೂ ಈ ಸಲ ನಗಲಿಲ್ಲ. ಬುಟ್ಟಿ ತಂದು ಚಕ್ಕೆ ತುಂಬಿಕೊಂಡು ಹೋದಳು.

ಏಟು ನಿಂತ ಮೇಲೆ ಅತ್ತೆ ನನ್ನ ಹೆಗಲು ಹಿಡಿದುಕೊಂಡು ಹೊಸ್ತಿಲತನಕ ಬಂದರು. ಗುಳಿ ಗುಳಿಯಾಗಿ, ಬೂದು ಬಣ್ಣಕ್ಕೆ ತಿರುಗಿ, ಏನೊಂದೂ ಇಲ್ಲದೆ ಬಿದ್ದಿದ್ದ ಅಂಗಳವನ್ನು ಬಹಳ ಹೊತ್ತು ನೋಡಿದರು.

"ಈಗ ಬಾಗಲಕ್ಕೂ ಗೊತ್ತಾತ ನೋಡವಾ," ಎಂದರು. ಹಾಗೆಂದವರೇ ಹೊಸ್ತಿಲ ಮೇಲೆ ಕುಸಿದು ಕೂತು, ಇಡೀ ಓಣಿಗೆ ಕೇಳುವಂತೆ ಮಾವನನ್ನು ಕರೆದು ಅತ್ತರು.