ಅಪ್ಪ ಬೇಡವೆಂದ ಟಾರ್ಚು

ತಲಕಾಡಿನ ಬಳಿ ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಪೊಲೀಸರು ಅಪ್ಪನನ್ನು ಕರೆಯುತ್ತಿದ್ದರು. ಅವನು ಉಸಿರು ಕಟ್ಟಿ ಮುಳುಗಿ, ಕಾಲಿನಿಂದ ತಡಕಿ, ಹೆಣವನ್ನು ಬೆನ್ನ ಕಡೆಯಿಂದ ಹಿಡಿದು ತರುತ್ತಿದ್ದ. ಅವನ ಕಿವಿಯ ತಮಟೆ ಹರಿದ ಮೇಲೆ ಆ ಕೆಲಸಕ್ಕೆ ನಾನೇ ಇಳಿಯುವುದೆಂದು ನಿರ್ಧರಿಸಿದೆ. ಎಂ.ಎಸ್ಸಿ. ಮುಗಿದ ವರ್ಷ ಮುರ್ಡೇಶ್ವರದಲ್ಲಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿತಿದ್ದೆ. ಸ್ವಂತ ಸಲಕರಣೆ ಮಾತ್ರ ಇರಲಿಲ್ಲ.

ಅಂಗಡಿಯವರು ಕಳಿಸಿದ ಚಿತ್ರಗಳನ್ನು ಫೋನಿನಲ್ಲಿ ಒಂದೊಂದಾಗಿ ಅಪ್ಪನಿಗೆ ತೋರಿಸಿದೆ. ಕಾಲಿಗೆ ತೊಡುವ ರಬ್ಬರಿನ ರೆಕ್ಕೆಗಳನ್ನು ನೋಡಿ, "ಬಾತುಕೋಳಿ ಆಯ್ತೀಯೇನವ್ವ?" ಎಂದು ನಕ್ಕ. ಮೀನಿನ ಬಲೆ ಸುತ್ತಿಕೊಂಡರೆ ಕತ್ತರಿಸಲು ಚಾಕು ಬೇಕೇ ಬೇಕು ಎಂದ. ಟಾರ್ಚಿನ ಚಿತ್ರ ಬಂದಾಗ ಫೋನನ್ನು ಪಕ್ಕಕ್ಕೆ ಸರಿಸಿದ.

"ಬ್ಯಾಟ್ರಿ ಬ್ಯಾಡ ಕಣವ್ವ. ನಾನು ಕಣ್ ಮುಚ್ಕೊಂಡೇ ಉಡುಕ್ತಿದ್ದಿದ್ದು. ನೀರೊಳ್ಗೆ ಮೊಕ ನೋಡ್ಬುಟ್ರೆ ಅನ್ನ ಸೇರಕಿಲ್ಲ."

ಕಣ್ಣು ಮುಚ್ಚಿ ಹುಡುಕುವುದು ಓದಿದವಳಾದ ನನಗೆ ಒಪ್ಪಿಗೆಯಾಗಲಿಲ್ಲ. ಅವನಿಗೆ ಹೇಳದೆ ಟಾರ್ಚನ್ನೂ ತರಿಸಿದೆ.

ಮೊದಲ ಕರೆ ಬಂದದ್ದು ಸ್ನಾನಕ್ಕೆ ಇಳಿದಿದ್ದ ಹೆಂಗಸೊಬ್ಬಳಿಗಾಗಿ. ಮರಳು ತೆಗೆದ ಗುಂಡಿಯಲ್ಲಿ ನೀರು ಎಷ್ಟು ಕದಡಿತ್ತೆಂದರೆ, ಟಾರ್ಚು ಹಾಕಿದರೂ ಒಂದು ಮೊಳದಾಚೆ ಏನೂ ಕಾಣಲಿಲ್ಲ. ಆ ಮೊಳದೊಳಗೆ ಅವಳ ಮುಖ ಬಂತು. ಕಣ್ಣು ತೆರೆದೇ ಇತ್ತು.

ಅವಳನ್ನು ದಡಕ್ಕೆ ತಂದು ಒಪ್ಪಿಸಿ ಮನೆಗೆ ಹೋದೆ. ಅಪ್ಪ ಮುದ್ದೆ ಬಡಿಸಿದ. ತಟ್ಟೆಗೆ ಕೈ ಹಾಕದೆ ಕುಳಿತಿದ್ದ ನನ್ನನ್ನು ನೋಡಿದ.

"ಬ್ಯಾಟ್ರಿ ಆಕ್ಬುಟ್ಯಾ?"

ಹೌದೆಂದು ತಲೆಯಾಡಿಸಿದೆ. ಅವನು ತಟ್ಟೆ ಎತ್ತಿಟ್ಟು ಒಂದು ಲೋಟ ಮಜ್ಜಿಗೆ ತಂದುಕೊಟ್ಟ.

"ಇವತ್ತು ಇಷ್ಟೇ ಸೇರೋದು. ಕುಡಿ."